ಎವಾಂಡರನ ಕೊಟ್ಟಿಗೆಯ ಡಿಸ್ಕುಗಳು

ಟಾರ್ಕಿಲನ ಮನೆಗೂ ಎವಾಂಡರನ ಮನೆಗೂ ನಡುವೆ ಇರುವುದು ನನ್ನ ಮನೆ. ಅವರಿಬ್ಬರೂ ಮಾತು ಬಿಟ್ಟ ಮೇಲೆ ಅವರ ಮಾತು ಓಡಾಡುವುದು ನನ್ನ ಅಡುಗೆಮನೆಯ ಮೂಲಕ. ಒಬ್ಬನ ಕುರಿ ಇನ್ನೊಬ್ಬನ ಹುಲ್ಲಿಗೆ ಬಾಯಿ ಹಾಕಿದರೆ ಮೊದಲು ಬಡಿಯುವುದು ನನ್ನ ಬಾಗಿಲನ್ನು. ಅವನಿಗೆ ಹೇಳು ಪೇಗಿ ಎಂದು ಇವನು, ಇವನಿಗೆ ಹೇಳು ಪೇಗಿ ಎಂದು ಅವನು. ನಾನು ಬೈಗುಳ ಕಳೆದು ಉಳಿದದ್ದನ್ನು ಮುಟ್ಟಿಸುತ್ತೇನೆ. ಎಷ್ಟೋ ಸಲ ಬೈಗುಳ ಕಳೆದರೆ ಏನೂ ಉಳಿಯುವುದಿಲ್ಲ. ಆಗ ಚಹಾ ಕೊಟ್ಟು ಕಳಿಸಿಬಿಡುತ್ತೇನೆ.

ಸಂಬಂಧದಲ್ಲಿ ಅವರು ಒಬ್ಬರಿಗೊಬ್ಬರು ಭಾವಂದಿರು. ಎವಾಂಡರನ ತಂಗಿ ಮರ್ಡೀನಾಳನ್ನು ಟಾರ್ಕಿಲ್ ಮದುವೆಯಾದದ್ದು. ಮೂವತ್ತು ವರ್ಷದ ಹಿಂದೆ ಇಬ್ಬರೂ ಒಂದೇ ದಿನ ಸಮುದ್ರದಾಚೆಯ ಇನ್ವರ್ನೆಸ್ ಪಟ್ಟಣಕ್ಕೆ ಹೋಗಿ, ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯ ಎರಡು ಜಪಾನಿ ಬೈಕು ಕೊಂಡು, ಒಂದೇ ಹಡಗಿನಲ್ಲಿ ದ್ವೀಪಕ್ಕೆ ತಂದವರು. ಎವಾಂಡರ್ ಚರ್ಚಿನಲ್ಲಿ ಸಭೆಯ ಹಿರಿಯನಾದ ಮೇಲೆ ತನ್ನದನ್ನು ಕೊಟ್ಟಿಗೆಗೆ ತಳ್ಳಿ ಮೇಲೆ ಗೋಣಿ ಹೊದಿಸಿದ. ಟಾರ್ಕಿಲ್ ಬಿಡಲಿಲ್ಲ. ಅವನು ನೇಕಾರ, ಮನೆಯ ಹಿಂದಿನ ಮಗ್ಗದ ಕೊಟ್ಟಿಗೆಯಲ್ಲಿ ಉಣ್ಣೆಯ ಬಟ್ಟೆ ನೇಯುತ್ತಾನೆ, ಅದೇ ಕೊಟ್ಟಿಗೆಯ ಮೂಲೆಯಲ್ಲಿ ಬೈಕು ನಿಲ್ಲಿಸುತ್ತಾನೆ. ಕಾರು ಓಡಿಸುವುದನ್ನು ಕಲಿಯಲೇ ಇಲ್ಲ.

ಹೋದ ವರ್ಷ ಮರ್ಡೀನಾ ಒಲೆ ಹಚ್ಚಿಟ್ಟು ಮರೆಯತೊಡಗಿದಳು. ಆಮೇಲೆ ಒಬ್ಬಳೇ ಜೌಗಿನ ಕಡೆ ನಡೆದು ಹೋಗತೊಡಗಿದಳು. ಎರಡನೆಯ ಸಲ ಸೊಂಟದವರೆಗೆ ಹೂತುಹೋಗಿದ್ದವಳನ್ನು ಕೆಸರಿನಿಂದ ಎಳೆದು ತಂದ ಮೇಲೆ ಟಾರ್ಕಿಲ್ ಅವಳನ್ನು ಸ್ಟೋರ್ನೊವೇ ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸಿದ. ಅವತ್ತಿನಿಂದ ಎವಾಂಡರನ ಬಾಯಲ್ಲಿ ಭಾವನ ಹೆಸರು ಬಂದಿಲ್ಲ. ನನ್ನ ತಂಗಿಯನ್ನು ಸಾಮಾನಿನ ಹಾಗೆ ಪಟ್ಟಣಕ್ಕೆ ಸಾಗಿಸಿದವನು ಎನ್ನುತ್ತಾನೆ. ನೀನು ಒಂದು ರಾತ್ರಿಯಾದರೂ ಅವಳ ಬಾಗಿಲು ಕಾದೆಯಾ ಎಂದು ಟಾರ್ಕಿಲ್ ನನ್ನ ಮೂಲಕ ಕೇಳಿಸಿದ. ಮಾರನೆಯ ದಿನ ಇಬ್ಬರ ಹುಲ್ಲುಗಾವಲಿನ ನಡುವೆ ಹೊಸ ಮುಳ್ಳುತಂತಿ ಎದ್ದಿತ್ತು.

ವಾರದ ದಿನಗಳಲ್ಲಿ ಪಟ್ಟಣಕ್ಕೆ ಬಸ್ಸಿದೆ. ಭಾನುವಾರ ಇಲ್ಲ. ಅದು ಸಬ್ಬತ್ತು, ದೇವರ ದಿನ, ಕರುಣೆಯ ಕೆಲಸ ಬಿಟ್ಟು ಬೇರೆ ಕೆಲಸ ಕೂಡದು. ಅವತ್ತು ನಮ್ಮಲ್ಲಿ ಬಸ್ಸು ಓಡುವುದಿಲ್ಲ, ಒಗೆದ ಬಟ್ಟೆ ಹಗ್ಗಕ್ಕೇರುವುದಿಲ್ಲ, ಮಕ್ಕಳು ಚೆಂಡು ಮುಟ್ಟುವುದಿಲ್ಲ. ಮರ್ಡೀನಾಳ ತಲೆಯಲ್ಲಿ ಬೇರೆ ದಿನಗಳೆಲ್ಲ ಕಲಸಿ ಹೋಗಿವೆ, ಆದರೆ ಭಾನುವಾರವನ್ನು ಅವಳು ಹೇಗೋ ಹಿಡಿದಿಟ್ಟುಕೊಂಡಿದ್ದಾಳೆ. ಅವತ್ತು ಎದ್ದವಳೇ ಕಪ್ಪು ಕೋಟು ತೊಟ್ಟು, ಹ್ಯಾಟು ಇಟ್ಟು, ವೃದ್ಧಾಶ್ರಮದ ಬಾಗಿಲ ಪಕ್ಕ ಕೂರುತ್ತಾಳೆ. ಗಂಡ ಬಂದು ಚರ್ಚಿಗೆ ಕರೆದೊಯ್ಯಬೇಕು. ಅವನು ಹೋಗಿ ಪಕ್ಕದಲ್ಲಿ ಕೂತು ಒಂದು ಕೀರ್ತನೆ ಹೇಳಿದರೆ ಅವಳಿಗೆ ಅದೇ ಚರ್ಚು. ಹ್ಯಾಟು ತೆಗೆದು ಊಟಕ್ಕೇಳುತ್ತಾಳೆ. ಹೋಗದಿದ್ದರೆ ಹ್ಯಾಟು ತೆಗೆಯುವುದಿಲ್ಲ, ಊಟ ಮುಟ್ಟುವುದಿಲ್ಲ, ಮಲಗಿಸಲು ಬಂದವರನ್ನು ಗೀರುತ್ತಾಳೆ.

ಹಾಗಾಗಿ ಆ ಬೈಕು. ಪ್ರತಿ ಭಾನುವಾರ ಬೆಳಗ್ಗೆ ಅದರ ಸದ್ದು ಊರಿನ ನಡುವೆ ಹಾದು ಹೋಗುವಾಗ ಕಿಟಕಿಗಳ ಹಿಂದೆ ನಾಲಿಗೆಗಳು ಲೊಚಗುಟ್ಟುತ್ತಿದ್ದವು. ನನ್ನಲ್ಲಿ ಕಾರಿಲ್ಲ. ಕಾರಿದ್ದವರು ಯಾರೂ ಅವನನ್ನು ಕರೆದೊಯ್ಯುತ್ತೇವೆ ಎನ್ನಲಿಲ್ಲ. ಅವನೂ ಯಾರನ್ನೂ ಕೇಳಲಿಲ್ಲ.

ಜೂನ್ ತಿಂಗಳ ಮೊದಲಲ್ಲಿ ಬೈಕನ್ನು ವರ್ಷದ ತಪಾಸಣೆಗೆ ಪಟ್ಟಣಕ್ಕೆ ಒಯ್ದ. ಅಲ್ಲಿಯ ತಪಾಸಣೆಯವನು ಮುಂದಿನ ಚಕ್ರದ ಎರಡು ಬ್ರೇಕ್ ಡಿಸ್ಕುಗಳ ಮೇಲೆ ಬೆರಳಾಡಿಸಿ, ಇದು ಡಿಸ್ಕಲ್ಲ, ಗಡ್ಡ ಬೋಳಿಸುವ ಬ್ಲೇಡು ಎಂದನಂತೆ. ಡಿಸ್ಕಿನ ಮೇಲೇ ಕೊರೆದಿರುತ್ತದೆ, ಇಷ್ಟಕ್ಕಿಂತ ತೆಳ್ಳಗಾದರೆ ಬಿಸಾಡು ಎಂದು. ಟಾರ್ಕಿಲನವು ಅದನ್ನು ದಾಟಿ ಎಷ್ಟೋ ಕಾಲವಾಗಿತ್ತು. ಹಳೆಯ ಪ್ರಮಾಣಪತ್ರ ತಿಂಗಳ ಕೊನೆಯವರೆಗೆ ನಡೆಯುತ್ತದೆ, ಆದರೆ ಡಿಸ್ಕು ಬದಲಿಸುವವರೆಗೆ ಇದನ್ನು ಹತ್ತಬೇಡ, ಹತ್ತಿದರೆ ನಿನ್ನ ಹೆಣ ನೋಡಲು ನನ್ನನ್ನು ಕರೆಯಬೇಡ ಎಂದು ಹೇಳಿ, ಬೈಕನ್ನು ಮೀನಿನ ಲಾರಿಯೊಂದರ ಹಿಂದೆ ಹಾಕಿಸಿ ಕಳಿಸಿದ. ಟಾರ್ಕಿಲ್ ಮೀನಿನ ವಾಸನೆ ಹೊತ್ತು ನನ್ನ ಮನೆಗೆ ಬಂದ. ಅಂತರ್ಜಾಲ ನೋಡುವ ಯಂತ್ರ ಇರುವುದು ನನ್ನ ಬಳಿ.

ಆ ಮಾದರಿಯ ಡಿಸ್ಕನ್ನು ಕಂಪನಿ ಮಾಡುವುದನ್ನೇ ನಿಲ್ಲಿಸಿದೆ. ಇನ್ವರ್ನೆಸ್ಸಿನ ಅಂಗಡಿಯವನು ಯಾವುದೋ ಗೋದಾಮಿನಲ್ಲಿ ಉಳಿದ ಒಂದು ಜೊತೆ ಹುಡುಕಿ ಬೆಲೆ ಹೇಳಿದ. ಇಡೀ ಬೈಕು ಮಾರಿದರೂ ಅದರಲ್ಲಿ ಒಂದು ಡಿಸ್ಕು ಬರುತ್ತಿರಲಿಲ್ಲ. ಟಾರ್ಕಿಲ್ ಫೋನಿನಲ್ಲಿ, ಇದು ಬೆಳ್ಳಿಯದೋ ಎಂದು ಕೇಳಿದ. ಬೇಡವಾದರೆ ಕಾಲು ನೆಲಕ್ಕೆ ಒತ್ತಿ ನಿಲ್ಲಿಸಿಕೋ ಎಂದು ಅತ್ತ ಕಡೆಯವನು ಫೋನ್ ಇಟ್ಟ.

ಇಂಗ್ಲೆಂಡಿನಲ್ಲಿ ಬೇರೆಯವರು ಮಾಡಿದ ಡಿಸ್ಕುಗಳಿದ್ದವು. ಒಳ್ಳೆಯವು, ಕೈಗೆಟುಕುವ ಬೆಲೆಯವು. ಎಲ್ಲ ತುಂಬಿಸಿ ನಮ್ಮ ಊರಿನ ಪಿನ್‌ಕೋಡ್ ಹಾಕಿದೊಡನೆ ಪರದೆ ಕೆಂಪಾಯಿತು. ದ್ವೀಪಗಳಿಗೆ ಕಳಿಸುವುದಿಲ್ಲ. ಫೋನ್ ಮಾಡಿದರೆ ಒಬ್ಬ ಹುಡುಗಿ, ನಿಮ್ಮ ದೇಶದ ಸುಂಕ ಎಷ್ಟೋ ಗೊತ್ತಿಲ್ಲ ಸರ್ ಎಂದಳು. ನಿಮ್ಮ ರಾಜನೇ ನಮಗೂ ರಾಜ ಅಮ್ಮಾ ಎಂದು ಇವನು ತಾಳ್ಮೆಯಿಂದ ಹೇಳಿದ. ಅವಳು ಯಾರನ್ನೋ ಕೇಳಿ ಬಂದು, ಕಳಿಸಬಹುದು, ಆದರೆ ಸಾಗಣೆಗೆ ಡಿಸ್ಕಿಗಿಂತ ಹೆಚ್ಚಾಗುತ್ತದೆ, ಬರುವುದು ಆಗಸ್ಟಿನಲ್ಲಿ ಎಂದಳು. ಹೀಗೆ ಒಂದು ಭಾನುವಾರ ತಪ್ಪಿ ಹೋಯಿತು. ವೃದ್ಧಾಶ್ರಮದಿಂದ ನನ್ನ ಫೋನಿಗೇ ಕರೆ ಬಂತು: ಮರ್ಡೀನಾ ಸಂಜೆಯವರೆಗೂ ಕೋಟು ಬಿಚ್ಚಿಲ್ಲ, ಸೂಪಿನ ಬಟ್ಟಲನ್ನು ಗೋಡೆಗೆ ಎಸೆದಿದ್ದಾಳೆ.

ಆಮೇಲೆ ಗ್ಲಾಸ್ಗೋದ ಗುಜರಿಯವನು ಸಿಕ್ಕ. ಹಳೆಯ ಬೈಕುಗಳನ್ನು ಬಿಚ್ಚಿ ಮಾರುವವನು. ಡಿಸ್ಕಿನ ಪಟ ಕಳಿಸಿದ. ಅಳೆಯುವ ಇಕ್ಕಳವನ್ನು ಡಿಸ್ಕಿಗೆ ಕಚ್ಚಿಸಿ, ಅಂಕಿ ಕಾಣುವ ಹಾಗೆ ತೆಗೆದದ್ದು. ದಪ್ಪ ಚೆನ್ನಾಗಿತ್ತು. ಹಡಗಿನಲ್ಲಿ ಬರುವ ಲಾರಿಯವನೊಬ್ಬ ತಂದುಕೊಟ್ಟ. ಟಾರ್ಕಿಲ್ ನನ್ನ ಮೇಜಿನ ಮೇಲೆ ಕಾಗದ ಹಾಸಿ, ಡಿಸ್ಕು ಇಟ್ಟು, ಹೊರ ಅಂಚಿನ ಮೇಲೆ ಉಗುರು ಎಳೆದ. ಉಗುರು ಒಂದು ಮೆಟ್ಟಿಲು ಇಳಿಯಿತು. ಬ್ರೇಕಿನ ಪ್ಯಾಡು ತಾಗದ ಅಂಚು ಹೊಸದರಂತೆ ದಪ್ಪವಾಗಿಯೇ ಉಳಿದಿರುತ್ತದೆ, ಸವೆಯುವುದು ಒಳಗಿನ ಪಟ್ಟಿ. ಗುಜರಿಯವನು ಅಂಚನ್ನು ಅಳೆದಿದ್ದ. ಫೋನ್ ಮಾಡಿದಾಗ, ನಾನು ಅಳೆದದ್ದು ಡಿಸ್ಕನ್ನೇ, ಎಲ್ಲಿ ಅಳೆಯಬೇಕು ಅಂತ ನೀನು ಕೇಳಿರಲಿಲ್ಲ ಎಂದ. ವಾಪಸು ಕಳಿಸುವ ಖರ್ಚು ನಿನ್ನದೇ ಎಂದೂ ಸೇರಿಸಿದ. ಟಾರ್ಕಿಲ್ ಆ ಎರಡನ್ನೂ ಎತ್ತಿಕೊಂಡು ಹೋಗಿ ಬೇಲಿಯಾಚೆ ಎಸೆದ. ಎವಾಂಡರನ ಬೇಲಿಯಾಚೆ. ಇನ್ನೊಂದು ಭಾನುವಾರ ಹೋಯಿತು.

ಸೋಮವಾರ ನಾನೇ ಎವಾಂಡರನ ಬಳಿ ಹೋದೆ. ಟಾರ್ಕಿಲ್ ಕಳಿಸಲಿಲ್ಲ. ಅವನಲ್ಲಿ ಕೇಳುವುದಕ್ಕಿಂತ ನಡೆದೇ ಹೋಗುತ್ತೇನೆ ಎಂದಿದ್ದ. ಕೊಟ್ಟಿಗೆಯಲ್ಲಿರುವ ನಿನ್ನ ಬೈಕಿನ ಡಿಸ್ಕುಗಳು ಸವೆದಿಲ್ಲ, ನಿನಗೆ ಅವು ಬೇಡ, ಅವನಿಗೆ ಕೊಡು ಎಂದೆ. ಮರ್ಡೀನಾಳ ಹ್ಯಾಟಿನ ಸಂಗತಿ, ಸೂಪಿನ ಬಟ್ಟಲಿನ ಸಂಗತಿ ಹೇಳಿದೆ. ಅವನು ಕುರಿಯ ಗೊರಸು ಕೆತ್ತುತ್ತಿದ್ದವನು ತಲೆ ಎತ್ತಲಿಲ್ಲ. ಅದೆಲ್ಲ ಅವನು ಕಟ್ಟಿದ ಕಥೆ, ಹೆಂಡತಿಯನ್ನು ಮುಂದಿಟ್ಟುಕೊಂಡು ಸಬ್ಬತ್ತಿನ ದಿನ ಮೋಟಾರು ಓಡಿಸುವ ಚಪಲ ಎಂದ. ಆಮೇಲೆ ಕುರಿಯನ್ನು ಬಿಟ್ಟು ಎದ್ದು ನಿಂತು ಹೇಳಿದ:

"ದುಡ್ಡು ಬೇಡ ನನಗೆ. ಅವನ ದುಡ್ಡು ಈ ಹೊಸ್ತಿಲು ದಾಟಕೂಡದು. ಆದ್ರೆ ಭಾನುವಾರ ಊರೊಳಗೆ ಇಂಜಿನ್ ಹೊತ್ತಿಸಕೂಡದು. ಮನೆಯಿಂದ ಊರಾಚೆ ಕಬ್ಬಿಣದ ಸರಳು ಹಾಸಿರೋ ಜಾಗದ ತನಕ ತಳ್ಕೊಂಡು ಹೋಗ್ಲಿ. ಚರ್ಚಿನ ಮುಂದೆ, ಎಲ್ರೂ ನೋಡೋ ಹಾಗೆ. ಒಪ್ಕೊಂಡ್ರೆ ಬಿಚ್ಚಿ ಕೊಡ್ತೀನಿ."

ಆ ಸರಳುಗಳು ಇರುವುದು ದಿಬ್ಬದ ತಲೆಯ ಮೇಲೆ, ದನಕುರಿ ಊರು ದಾಟದ ಹಾಗೆ ರಸ್ತೆಗೆ ಹಾಸಿದ್ದು. ಟಾರ್ಕಿಲನ ಮನೆಯಿಂದ ಚರ್ಚಿಗೆ ಇಳಿಜಾರು, ಚರ್ಚಿನಿಂದ ಸರಳುಗಳಿಗೆ ಏರು. ಟಾರ್ಕಿಲನಿಗೆ ಎಪ್ಪತ್ತು ಸಮೀಪಿಸಿದೆ. ನಾನು ಈ ಮಾತನ್ನು ಏನೂ ಕಳೆಯದೆ ಮುಟ್ಟಿಸಿದೆ. ಅವನು ಮಗ್ಗ ನಿಲ್ಲಿಸಿ ಕೇಳಿಸಿಕೊಂಡ.

"ಅವನಿಗೆ ಹೇಳು," ಎಂದ, "ತಳ್ಳೋದಕ್ಕೆ ನಾಚಿಕೆ ಇಲ್ಲ ನಂಗೆ. ಹಾಗೆ ತಳ್ಳಿಸೋದಕ್ಕೆ ಅವನಿಗೆ ನಾಚಿಕೆ ಇದೆಯೋ ನೋಡೋಣ."

ಎವಾಂಡರನಿಗೆ ನಾನು, ಒಪ್ಪಿದ್ದಾನೆ ಎಂದಷ್ಟೇ ಹೇಳಿದೆ.

ಶನಿವಾರ ಮಧ್ಯಾಹ್ನದವರೆಗೂ ಎವಾಂಡರ್ ಡಿಸ್ಕುಗಳನ್ನು ಕೊಡಲಿಲ್ಲ. ಬೇಕೆಂದೇ ತಡಮಾಡಿದನೋ, ಬೋಲ್ಟುಗಳು ತುಕ್ಕು ಹಿಡಿದು ಬಿಚ್ಚಲಾಗಲಿಲ್ಲವೋ, ದೇವರಿಗೆ ಗೊತ್ತು. ಕೊನೆಗೆ ಕುರಿಮೇವಿನ ಚೀಲದಲ್ಲಿ ಹಾಕಿ ನನ್ನ ಕಲ್ಲುಗೋಡೆಯ ಮೇಲಿಟ್ಟು ತಿರುಗಿ ನೋಡದೆ ಹೋದ. ಟಾರ್ಕಿಲ್ ಬಂದು ಒಯ್ದ. ಡಿಸ್ಕುಗಳು ಒಳ್ಳೆಯವಾಗಿದ್ದವು, ಮೇಲೆ ತುಕ್ಕಿನ ತೆಳು ಪೊರೆ, ಅಷ್ಟೆ. ಕಷ್ಟ ಕೊಟ್ಟದ್ದು ಅವನ ಸ್ವಂತ ಚಕ್ರದ ಬೋಲ್ಟುಗಳು. ಉಪ್ಪುಗಾಳಿಗೆ ಅವು ಕಚ್ಚಿಕೊಂಡು ತಲೆಯೇ ಮುರಿದವು, ಕೊರೆದು ತೆಗೆಯಬೇಕಾಯಿತು. ನಮ್ಮಲ್ಲಿ ಜೂನಿನಲ್ಲಿ ಕತ್ತಲೆ ಬರುವುದೇ ಇಲ್ಲವೆನ್ನಬೇಕು. ನಾನು ಮಲಗಲು ಹೋಗುವಾಗಲೂ ಅವನ ಕೊಟ್ಟಿಗೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು.

ನೇಕಾರರು ಶನಿವಾರ ರಾತ್ರಿ ಹನ್ನೆರಡು ಹೊಡೆದೊಡನೆ ಮಗ್ಗದಿಂದ ಕೈ ತೆಗೆಯುತ್ತಾರೆ. ಗೆರೆ ಮುಗಿಸಿ ಏಳೋಣ ಎನ್ನುವುದಿಲ್ಲ. ಲಾಳಿ ಎಲ್ಲಿದೆಯೋ ಅಲ್ಲೇ, ಬಟ್ಟೆಯ ನಡುವೆ. ಟಾರ್ಕಿಲನ ಅಪ್ಪ ಹಾಗೆ ಮಾಡುತ್ತಿದ್ದ, ಅವನ ಅಪ್ಪನೂ.

ಭಾನುವಾರ ಬೆಳಗ್ಗೆ ನಾವು ಚರ್ಚಿನ ಮುಂದೆ ಕಪ್ಪು ಬಟ್ಟೆಯಲ್ಲಿ ನಿಂತಿದ್ದೆವು. ಒಳಗೆ ಹೋಗಲು ಇನ್ನೂ ಹೊತ್ತಿತ್ತು. ಆದರೂ ಅವತ್ತು ಎಲ್ಲರೂ ಬೇಗ ಬಂದಿದ್ದರು. ಬಂದದ್ದು ಯಾಕೆಂದು ಯಾರೂ ಹೇಳಲಿಲ್ಲ. ಎವಾಂಡರ್ ಬಾಗಿಲಲ್ಲಿ ಕಾಣಿಕೆ ತಟ್ಟೆಯ ಪಕ್ಕ ನಿಂತಿದ್ದ, ಅದು ಹಿರಿಯರ ಜಾಗ.

ಟಾರ್ಕಿಲ್ ಸೂಟು ತೊಟ್ಟು, ಶಿರಸ್ತ್ರಾಣವನ್ನು ಹ್ಯಾಂಡಲಿಗೆ ನೇತುಹಾಕಿ, ಇಳಿಜಾರಿನಲ್ಲಿ ಬೈಕು ತಳ್ಳಿಕೊಂಡು ಬಂದ. ಭಾರದ ಬೈಕು. ಇಳಿಜಾರಿನಲ್ಲಿ ತಳ್ಳುವುದಕ್ಕಿಂತ ಹಿಡಿಯುವುದೇ ಹೆಚ್ಚು. ಮುಂದಿನ ಬ್ರೇಕು ಒತ್ತಿ, ಬಿಟ್ಟು, ಮತ್ತೆ ಒತ್ತಿ ಬರುತ್ತಿದ್ದ. ಒತ್ತಿದಾಗಲೆಲ್ಲ ಚಕ್ರದಿಂದ ಟಕ್ ಎಂದು ಸಣ್ಣ ಸದ್ದು. ಸದ್ದಿಲ್ಲದ ದಿನ ಅದು. ಕುರಿಯೂ ಕೂಗುತ್ತಿರಲಿಲ್ಲ. ಟಕ್. ನಾಲ್ಕು ಹೆಜ್ಜೆ. ಟಕ್. ಹಿಂದಿನ ಸಾಲಿನಲ್ಲಿ ಯಾರೋ, ಕುದುರೆ ಸತ್ತ ಗಾಡಿ ಬಂತು ಎಂದು ಪಿಸುಗುಟ್ಟಿದರು, ಒಂದಿಬ್ಬರು ಕೆಮ್ಮಿದಂತೆ ನಕ್ಕರು.

ಎವಾಂಡರ್ ನಗಲಿಲ್ಲ. ಆ ಟಕ್ಕಿಗೆ ಕಿವಿಗೊಟ್ಟು, ತಟ್ಟೆಯನ್ನು ಬಿಟ್ಟು ಮೆಟ್ಟಿಲಿಳಿದು ಬಂದು ರಸ್ತೆಯ ನಡುವೆ ನಿಂತ. ಒಂದು ವರ್ಷದ ಮೇಲೆ ಅವನು ನೇರವಾಗಿ ಭಾವನಿಗೆ ಆಡಿದ ಮೊದಲ ಮಾತು ಇದು:

"ಬೋಲ್ಟು ಬಿಗಿ ಮಾಡಿಲ್ಲ ನೀನು."

ಟಾರ್ಕಿಲ್ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದ. ಆಮೇಲೆ ಅವನನ್ನೇ ನೋಡಿದ. "ಬಲಗಡೆದು ಮಾಡಿದೀನಿ."

"ಎಡಗಡೆದು?"

"ಹನ್ನೆರಡು ಹೊಡೀತು."

ನೆರೆದವರಲ್ಲಿ ಒಬ್ಬರೂ ಹುಬ್ಬೇರಿಸಲಿಲ್ಲ. ಹನ್ನೆರಡು ಹೊಡೆದ ಮೇಲೆ ಇನ್ನೇನು ಮಾಡಲು ಸಾಧ್ಯ.

"ಬೆರಳಲ್ಲಿ ತಿರುಗಿಸಿದೀನಿ, ಎಲ್ಲಾ ಕೂತಿದೆ," ಟಾರ್ಕಿಲ್ ಹೇಳಿದ. "ನಾಳೆ ಬಿಗಿ ಮಾಡ್ತೀನಿ."

"ನಾಳೆ ನಿನ್ನ ಚೀಲದಲ್ಲಿ ತುಂಬ್ಕೊಂಡು ಬರ್ತಾರೆ."

"ಬೋಲ್ಟು ಬಿಗಿ ಮಾಡೋದು ಕೆಲಸ. ಹೆಂಡ್ತಿ ನೋಡೋಕೆ ಹೋಗೋದು ಕರುಣೆ. ಯಾವುದು ಯಾವುದು ಅಂತ ನೀನು ನಂಗೆ ಹೇಳ್ಕೊಡಬೇಕಾಗಿಲ್ಲ."

"ದಾರೀಲಿ ಚಕ್ರ ಕಚ್ಕೊಂಡ್ರೆ?"

"ಅದು ಆತನ ಚಿತ್ತ."

"ನಿನ್ನ ದಡ್ಡತನಾನ ತಗೊಂಡು ಹೋಗಿ ದೇವರ ತಲೆಗೆ ಕಟ್ಟಬೇಡ," ಎಂದ ಎವಾಂಡರ್. ದನಿ ಏರಿಸಲಿಲ್ಲ. "ತಿರುಗಿಸು ಗಾಡಿನ. ಮನೆಗೆ ಹೋಗು."

"ಅವಳು ಹ್ಯಾಟು ಹಾಕ್ಕೊಂಡು ಕೂತಿದಾಳೆ."

"ಅಲ್ಲಿ ಕೂರ್ಸಿದ್ದು ಯಾರು?"

"ನಾನೇ," ಎಂದ ಟಾರ್ಕಿಲ್. "ಅದಕ್ಕೇ ಹೋಗ್ತಿರೋದು. ದಾರಿ ಬಿಡು."

ಬೈಕನ್ನು ಮುಂದಕ್ಕೆ ಒತ್ತಿದ. ಮುಂದಿನ ಚಕ್ರ ಎವಾಂಡರನ ಮೊಣಕಾಲಿಗೆ ತಾಗಿತು. ಎವಾಂಡರ್ ಕದಲಲಿಲ್ಲ. ಇಬ್ಬರೂ ಹಾಗೇ ನಿಂತರು, ನಡುವೆ ಆ ಚಕ್ರ. ಪಾದ್ರಿ ಬಾಗಿಲಿಗೆ ಬಂದು, ಆರಾಧನೆಯ ಹೊತ್ತಾಯಿತು, ಇದನ್ನು ನಾಳೆ ಕೂತು ಮಾತಾಡಬಹುದಲ್ಲ ಎಂದು ಮೆತ್ತಗೆ ಹೇಳಿದರು. ನೀವು ಕೀರ್ತನೆ ಶುರು ಮಾಡಿ ಸ್ವಾಮಿ ಎಂದು ಎವಾಂಡರ್ ತಿರುಗದೆಯೇ ಹೇಳಿದ. ಹಿರಿಯನೊಬ್ಬ ಪಾದ್ರಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಜನ ನಿಧಾನವಾಗಿ ಒಳಗೆ ಹೋಗತೊಡಗಿದರು, ಕತ್ತು ಹಿಂದಕ್ಕೆ ಉಳಿಸಿಕೊಂಡು. ನಾನೂ ಹೋಗಬೇಕಾಗಿತ್ತು. ಬಾಗಿಲ ಬಳಿಯೇ ನಿಂತೆ.

"ಸೀಟು ಎತ್ತು," ಎಂದ ಎವಾಂಡರ್.

"ಎತ್ತಲ್ಲ. ಸಬ್ಬತ್ತಿನ ದಿನ ನನ್ನ ಗಾಡಿ ಮೇಲೆ ಕೆಲಸ ಆಗೋದು ಬೇಡ."

"ಗಾಡಿ ನಿಂದು. ಡಿಸ್ಕು ನಂದು. ಒಂದು ಪೌಂಡೂ ತಗೊಂಡಿಲ್ಲ ನಾನು. ಎವಾಂಡರನ ಡಿಸ್ಕು ಅವನ ಭಾವನ್ನ ಕೊಂದುಹಾಕ್ತು ಅಂತ ಊರಲ್ಲಿ ಹೇಳಿಸ್ಕೊಳ್ಳೋದಕ್ಕೆ ನಾನು ತಯಾರಿಲ್ಲ. ಸಾಯೋದಾದ್ರೆ ನಿನ್ನ ಸ್ವಂತ ಸಾಮಾನಲ್ಲಿ ಸಾಯಿ."

ಟಾರ್ಕಿಲ್ ಬೈಕನ್ನು ಅದರ ಕಾಲಿನ ಮೇಲೆ ನಿಲ್ಲಿಸಿ, ನಾಲ್ಕು ಮಾರು ದೂರ ಹೋಗಿ, ಬೆನ್ನು ಹಾಕಿ ಸಮುದ್ರ ನೋಡುತ್ತ ನಿಂತ. ಕೀಲಿಯನ್ನು ಅದರ ಜಾಗದಲ್ಲೇ ಬಿಟ್ಟಿದ್ದ.

ಎವಾಂಡರ್ ಸೀಟಿನ ಬೀಗ ತೆಗೆದು ಉಪಕರಣದ ಸುರುಳಿ ಎಳೆದ. ಹುಡುಕಬೇಕಾಗಲಿಲ್ಲ. ಟೋಪಿ ತೆಗೆದು ಕಲ್ಲಿನ ಮೇಲಿಟ್ಟು, ಭಾನುವಾರದ ಪ್ಯಾಂಟಿನಲ್ಲೇ ಜಲ್ಲಿಯ ಮೇಲೆ ಮಂಡಿಯೂರಿದ. ಒಳಗೆ ಕೀರ್ತನೆ ಎತ್ತಿದರು. ಒಂಟಿ ದನಿಯೊಂದು ಸಾಲನ್ನು ಹೇಳಿಕೊಡುತ್ತದೆ, ಸಭೆ ಅದನ್ನು ಎಳೆದು, ಬಾಗಿಸಿ, ಅಲೆಯ ಹಾಗೆ ಹಿಂದಕ್ಕೆ ಕೊಡುತ್ತದೆ. ಒಂದು ಅಲೆ ಇಳಿದು ಇನ್ನೊಂದು ಏಳುವ ನಡುವೆ ಸ್ಪ್ಯಾನರು ಕಬ್ಬಿಣಕ್ಕೆ ಕಚ್ಚುವ ಸದ್ದು ಚರ್ಚಿನೊಳಕ್ಕೆ ಹೋಗುತ್ತಿತ್ತು. ಅವನು ಒಂದು ಬೋಲ್ಟು ಬಿಗಿದು, ಅದರ ಎದುರಿನದನ್ನು ಬಿಗಿದು, ಹೀಗೆ ಅಡ್ಡಡ್ಡಲಾಗಿ ಸುತ್ತ ಬಂದ. ಕೊನೆಯದಕ್ಕೆ ಸ್ಪ್ಯಾನರಿನ ಮೇಲೆ ಮೈಭಾರ ಹಾಕಿದಾಗ ಅವನ ಬಾಯಿಂದ ಒಂದು ನರಳಿಕೆ ಬಂತು. ಬಲಗಡೆಯದನ್ನೂ ನೋಡಿದ, ಅದರಲ್ಲಿ ಒಂದಕ್ಕೆ ಇನ್ನೂ ಅರ್ಧ ಸುತ್ತು ಸಿಕ್ಕಿತು. ತಲೆ ಅಲ್ಲಾಡಿಸಿದ.

ಎದ್ದು ನಿಂತಾಗ ಅಂಗೈ, ಅಂಗಿಯ ತೋಳು, ಹಣೆಯ ಒಂದು ಪಟ್ಟಿ ಕಪ್ಪಾಗಿದ್ದವು.

"ಆಯ್ತು," ಎಂದ. "ಈಗ ನಾನು ಮಾಡಿದ್ದಕ್ಕೆ ನಾನು ಉತ್ತರ ಕೊಡ್ಕೋತೀನಿ. ನೀನು ಮಾಡಿಸಿದ್ದನ್ನ ಮಾತ್ರ ನಾನು ಕ್ಷಮಿಸಲ್ಲ."

"ನಾನೇನು ಕೇಳಿದ್ನಾ," ಎಂದ ಟಾರ್ಕಿಲ್.

ಬಂದು ಹ್ಯಾಂಡಲು ಹಿಡಿದ. ಉಪಕಾರವಾಯಿತು ಎನ್ನಲಿಲ್ಲ. ಎವಾಂಡರನೂ ಆ ಮಾತಿಗೆ ಕಾದಂತೆ ಕಾಣಲಿಲ್ಲ. ಟಾರ್ಕಿಲ್ ಏರಿನಲ್ಲಿ ತಳ್ಳತೊಡಗಿದ. ಮೂರು ಕಡೆ ನಿಂತು ಉಸಿರು ತೆಗೆದುಕೊಂಡ. ಎವಾಂಡರ್ ಒಂದು ಹೆಜ್ಜೆಯನ್ನೂ ಆ ಕಡೆ ಇಡಲಿಲ್ಲ, ಕೈ ಕೊಡಲಿಲ್ಲ, ಈಗಲೇ ಹೊತ್ತಿಸಿಕೋ ಎನ್ನಲಿಲ್ಲ. ಆಡಿದ ಷರತ್ತು ಆಡಿದ್ದೇ.

ಅವನು ಚರ್ಚಿನೊಳಗೂ ಹೋಗಲಿಲ್ಲ. ಬಾಗಿಲಲ್ಲಿ ಕಾಣಿಕೆ ತಟ್ಟೆ ಒಂಟಿಯಾಗಿತ್ತು. ಆ ಕೈಯಲ್ಲಿ ಅದನ್ನು ಮುಟ್ಟುವ ಹಾಗಿರಲಿಲ್ಲ. ಮುಂದಿನ ತಿಂಗಳು ಸಭೆಯವರು ಕರೆದು ವಿಚಾರಿಸಿದರು, ಅವನು ಹಿರಿಯನ ಜಾಗ ಬಿಟ್ಟ. ಮಾಡಿದ್ದು ಕರುಣೆಯ ಕೆಲಸ ಎಂದು ಒಂದು ಮಾತು ಹೇಳು, ಮುಗಿಸಿಬಿಡೋಣ ಎಂದು ಅವರೇ ಕೇಳಿಕೊಂಡರಂತೆ. ಅವನ ಮೇಲೆ ಕರುಣೆಯೇ, ಅದೂ ನನಗೆ, ಎಂದು ಎದ್ದು ಬಂದನಂತೆ. ಅದು ಆಮೇಲಿನ ಮಾತು.

ಆ ಬೆಳಗ್ಗೆ ಅವನು ರಸ್ತೆಯಲ್ಲೇ ನಿಂತಿದ್ದ, ಕೈಗಳನ್ನು ಸೂಟಿಗೆ ತಾಗದಂತೆ ದೂರ ಹಿಡಿದುಕೊಂಡು. ದಿಬ್ಬದ ತಲೆಯಲ್ಲಿ ಚಕ್ರಗಳು ಸರಳುಗಳನ್ನು ದಾಟಿದ ಗಡಗಡ ಕೇಳಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇಂಜಿನ್ ಹೊತ್ತಿಕೊಂಡಿತು. ಸದ್ದು ಆಚೆ ಇಳಿಜಾರಿಗೆ ಬಿದ್ದು ವೇಗ ಹಿಡಿಯಿತು. ಆ ಇಳಿಜಾರಿನ ಕೊನೆಗೆ ಸೇತುವೆಯ ತಿರುವಿದೆ, ಬ್ರೇಕು ಹಿಡಿಯದಿದ್ದರೆ ಹಳ್ಳ. ಎವಾಂಡರ್ ತಲೆಯನ್ನು ಒಂದು ಕಡೆ ವಾಲಿಸಿ ನಿಂತ. ಒಳಗೆ ಕೀರ್ತನೆ ನಿಂತಿತ್ತು, ಪ್ರಾರ್ಥನೆ ಶುರುವಾಗಿತ್ತು. ಇಂಜಿನಿನ ಸದ್ದು ತಗ್ಗಿತು, ಇನ್ನೂ ತಗ್ಗಿತು, ಒಂದು ಕ್ಷಣ ಇಲ್ಲವೆಂಬಷ್ಟಾಯಿತು, ಆಮೇಲೆ ತಿರುವಿನಾಚೆಯಿಂದ ಮತ್ತೆ ಎದ್ದು ಪಟ್ಟಣದ ಕಡೆಗೆ ತೆಳ್ಳಗಾಗುತ್ತ ಹೋಯಿತು.

"ಮೂವತ್ತು ವರ್ಷ ಆಯ್ತು," ಎಂದ ಎವಾಂಡರ್, "ಆ ತಿರುವಲ್ಲಿ ಗೇರು ಇಳಿಸೋದು ಇನ್ನೂ ಕಲೀಲಿಲ್ಲ, ಕತ್ತೆ."

ಕಲ್ಲಿನ ಮೇಲಿದ್ದ ಟೋಪಿಯನ್ನು ಎರಡು ಬೆರಳ ತುದಿಯಲ್ಲಿ ಎತ್ತಿಕೊಂಡು, ತಲೆಗೆ ಇಡದೆಯೇ, ಮನೆಯ ಕಡೆ ನಡೆದ.